ಹನ್ನೊಂದು ತಿಂಗಳ ಡಿಸ್ಕು

ಪುಣೆಯಲ್ಲೋ ಮುಂಬಯಿಯಲ್ಲೋ ಬಾಡಿಗೆ ಮನೆಯಲ್ಲಿ ಇದ್ದವರಿಗೆ ಹನ್ನೊಂದು ತಿಂಗಳ ಕರಾರು ಎಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಗೋಡೆಗೆ ಮೊಳೆ ಹೊಡೆಯುವ ಮುಂಚೆ ಎರಡು ಸಲ ಯೋಚಿಸುವ ಜನ ನಾವು. ಕಪಾಟು ಕೊಂಡರೂ ಬಿಚ್ಚಿ ಟೆಂಪೋಗೆ ಏರಿಸಲು ಬರುವಂಥದ್ದನ್ನೇ ಕೊಳ್ಳುತ್ತೇವೆ. ಇಷ್ಟೆಲ್ಲ ಬುದ್ಧಿ ಇರುವ ನಾವು ಕಂಪ್ಯೂಟರಿನ ವಿಷಯ ಬಂದಾಗ ಮಾತ್ರ, ಈ ಡಿಸ್ಕು ಸ್ವಂತದ್ದಾ, ಹನ್ನೊಂದು ತಿಂಗಳದ್ದಾ ಎಂದು ಕೇಳುವುದೇ ಇಲ್ಲ.

ಈ ಊರಿಗೆ ಬಂದು ಇಪ್ಪತ್ತೈದು ವರ್ಷ ದಾಟಿತು. ಲಿನಕ್ಸ್ ಸರ್ವರುಗಳನ್ನು ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು. ಈ ಸಲ ಅದರದ್ದೇ ಕಥೆ. ಕಂಪ್ಯೂಟರ್ ಕೆಲಸದವರಲ್ಲದಿದ್ದರೂ ಓದಬಹುದು, ಭಯ ಬೇಡ. ಆ ಕೆಲಸದವರೇ ಆಗಿದ್ದರೆ ನಡುವಿನ ವಿವರಗಳನ್ನು ಹಾರಿಸಬೇಡಿ, ಸಮಾಚಾರ ಇರುವುದು ಅಲ್ಲೇ. ಕಮಾಂಡುಗಳ ಹೆಸರನ್ನು ನಾವು ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳುವ ಹಾಗೆಯೇ ಬರೆದಿದ್ದೇನೆ.

ನಮ್ಮ ಕಡೆ ಒಂದು ಕನ್ನಡ ಸಂಘ ಇದೆ. ಹೆಸರು ಬೇಡ. ಅವರ ಕಪಾಟಿನಲ್ಲಿ ಅರವತ್ತು, ಎಪ್ಪತ್ತರ ದಶಕದ ಸ್ಮರಣ ಸಂಚಿಕೆಗಳು ಇದ್ದವು, ಒಟ್ಟು ನಾಲ್ಕು. ಸಾಹಿತ್ಯದ ದೃಷ್ಟಿಯಿಂದ ಅವುಗಳಲ್ಲಿ ಮಹಾ ಏನೂ ಇಲ್ಲ ಅನ್ನಿ. ಅಧ್ಯಕ್ಷರ ನುಡಿ, ಎರಡು ನವರಾತ್ರಿ ಕವನ, ನಾಟಕದ ಮಸುಕು ಫೋಟೋ. ಆದರೆ ಕೊನೆಯ ಪುಟಗಳಲ್ಲಿ ವಂತಿಗೆ ಕೊಟ್ಟವರ ಪಟ್ಟಿ ಇರುತ್ತಿತ್ತು. ಹೆಸರು, ಊರು, ಐದು ರೂಪಾಯಿ. ಹೆಸರು, ಊರು, ಎರಡು ರೂಪಾಯಿ. ಈ ಊರಿಗೆ ನಮಗಿಂತ ಮೊದಲು ಯಾರು ಬಂದರು, ಯಾವ ಯಾವ ಹಳ್ಳಿಯಿಂದ ಬಂದರು ಎನ್ನುವುದಕ್ಕೆ ಆ ಸಂಘದಲ್ಲಿ ಬೇರೆ ದಾಖಲೆಯೇ ಇಲ್ಲ. ಹಾಗಾಗಿ ಎಲ್ಲವನ್ನೂ ಸ್ಕ್ಯಾನ್ ಮಾಡಿಸೋಣ ಎಂದು ಕಾರ್ಯದರ್ಶಿಗಳು ಹಟ ಹಿಡಿದರು. ಮೂರು ಸಂಚಿಕೆ ಸಂಘದ್ದೇ. ನಾಲ್ಕನೆಯದು ಹಳೆಯ ಸದಸ್ಯರೊಬ್ಬರ ಮನೆಯಿಂದ ಕೇಳಿ ತಂದದ್ದು, ಸ್ಕ್ಯಾನ್ ಆದಮೇಲೆ ಹಿಂದಿರುಗಿಸಿದರು.

ಕೆಲಸ ವಹಿಸಿಕೊಂಡವನು ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ಇಲ್ಲೇ ಹುಟ್ಟಿ ಬೆಳೆದವನು. ಕನ್ನಡ ಮಾತಾಡುತ್ತಾನೆ, ಓದುವುದು ತಡವರಿಸಿ ತಡವರಿಸಿ. ಹಾಗಿದ್ದೂ ಶನಿವಾರ, ಭಾನುವಾರ ಕೂತು ಸ್ಕ್ಯಾನ್ ಮಾಡಿದ ಎಂದರೆ ಮೆಚ್ಚಬೇಕು. ಚಿತ್ರಗಳಿಂದ ಅಕ್ಷರ ಬಿಡಿಸಲು ಟೆಸರಾಕ್ಟ್ ಎಂಬ ತಂತ್ರಾಂಶ ಇದೆಯಲ್ಲ, ಅದಕ್ಕೆ ಕನ್ನಡವೂ ಬರುತ್ತದೆ. ಅದನ್ನು ಓಡಿಸಲು ಕ್ಲೌಡಿನಲ್ಲಿ ಒಂದು ಲಿನಕ್ಸ್ ಸರ್ವರ್ ತೆಗೆದುಕೊಂಡ. ಮುಖ್ಯ ಡಿಸ್ಕು 30 ಜಿಬಿ. ಸ್ಕ್ಯಾನ್ ಚಿತ್ರಗಳು ದೊಡ್ಡವು, ಬೇಗ ತುಂಬಿತು. ನೋಡಿದರೆ ಎಂಎನ್‌ಟಿ ಎಂಬ ಫೋಲ್ಡರಿನಲ್ಲಿ 75 ಜಿಬಿ ಖಾಲಿ! ಕೇಳದೇ ಸಿಕ್ಕಿದ ಜಾಗ, ಬೇರೆ ಬಾಡಿಗೆಯೂ ಇಲ್ಲ, ವೇಗವೂ ಹೆಚ್ಚು. ಅಲ್ಲಿಗೇ ಎಲ್ಲವನ್ನೂ ಹಾಕಿದ. ಲ್ಯಾಪ್‌ಟಾಪಿನಿಂದ ಪುಟಗಳು ಸರ್ವರಿಗೆ ಹೋದ ಹಾಗೆ ಲ್ಯಾಪ್‌ಟಾಪಿನಲ್ಲಿ ಅಳಿಸಿ ಹೋಗುವ ವ್ಯವಸ್ಥೆಯನ್ನೂ ಮಾಡಿದ್ದ, ಅದರಲ್ಲೂ ಜಾಗ ಇರಲಿಲ್ಲವಂತೆ.

ಮೂರು ತಿಂಗಳು ಎಲ್ಲ ಸರಿ ಇತ್ತು. ನಡುವೆ ನಾಲ್ಕಾರು ಸಲ ರೀಬೂಟ್ ಕೂಡ ಆಗಿತ್ತು, ಫೈಲುಗಳು ಇದ್ದಲ್ಲೇ ಇದ್ದವು. ಆಮೇಲೆ ಬಿಲ್ಲು ನೋಡಿದ ಖಜಾಂಚಿಗಳು, “ವಾರವಿಡೀ ದೀಪ ಉರಿಸ್ತೀಯೇನಪ್ಪಾ, ಕೆಲಸ ಇಲ್ಲದಾಗ ಆರಿಸು” ಅಂದರು. ನ್ಯಾಯವಾದ ಮಾತೇ. ಭಾನುವಾರ ರಾತ್ರಿ ಪೋರ್ಟಲಿನಲ್ಲಿ ಸ್ಟಾಪ್ ಒತ್ತಿದ. ಶನಿವಾರ ಸ್ಟಾರ್ಟ್ ಒತ್ತಿದ. ಎಂಎನ್‌ಟಿಯಲ್ಲಿ ಒಂದೇ ಒಂದು ಫೈಲು ಉಳಿದಿತ್ತು. ಅದರ ಹೆಸರು ಡೇಟಾಲಾಸ್ ವಾರ್ನಿಂಗ್ ರೀಡ್‌ಮಿ.

ಆ ಸಂಜೆ ನನಗೆ ಫೋನು ಬಂತು. ಮೊದಲು ಕಾರ್ಯದರ್ಶಿಗಳು. “ಏನ್ರೀ, ಎಲ್ಲಾ ಮೋಡದ ಮೇಲಿದೆ, ಜೋಪಾನ ಅಂದಿದ್ದರಲ್ಲ, ಮಳೆ ಆಗಿ ಹರಿದು ಹೋಯ್ತಾ?” ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಿಂದೆಯೇ ಹುಡುಗನ ದನಿ. “ಕಾಕಾ, ಡಿಲೀಟ್ ನಾನು ಮಾಡಿಲ್ಲ, ಖರೇ ಹೇಳ್ತೀನಿ.” ಅವನು ಹೇಳಿದ್ದು ನಿಜವೇ. ಅವನು ಏನನ್ನೂ ಅಳಿಸಿರಲಿಲ್ಲ.

ಕ್ಲೌಡಿನ ಸರ್ವರ್ ಎಂದರೆ ಯಾವುದೋ ದೊಡ್ಡ ಕಟ್ಟಡದಲ್ಲಿರುವ ಒಂದು ಭಾರಿ ಯಂತ್ರದ ಒಂದು ಪಾಲು. ನಮ್ಮ ಮುಖ್ಯ ಡಿಸ್ಕು ಆ ಯಂತ್ರದ ಒಳಗೆ ಇರುವುದಿಲ್ಲ. ಅದು ಬೇರೆ ಕಡೆ, ನೆಟ್‌ವರ್ಕಿನ ಆಚೆ, ಒಂದಕ್ಕಿಂತ ಹೆಚ್ಚು ಪ್ರತಿಗಳಲ್ಲಿ ಇರುತ್ತದೆ. ತಾತ್ಕಾಲಿಕ ಡಿಸ್ಕು ಮಾತ್ರ ಆ ಯಂತ್ರದ ಹೊಟ್ಟೆಯಲ್ಲೇ ಇರುವಂಥದ್ದು. ಅದಕ್ಕೇ ವೇಗ, ಅದಕ್ಕೇ ಅಗ್ಗ. ರೀಬೂಟ್ ಮಾಡಿದರೆ ನಾವು ಅದೇ ಯಂತ್ರದಲ್ಲಿ ಮಲಗಿ ಅದರಲ್ಲೇ ಏಳುತ್ತೇವೆ, ಡಿಸ್ಕು ಹಾಗೇ ಇರುತ್ತದೆ. ಆದರೆ ಪೋರ್ಟಲಿನಲ್ಲಿ ಸ್ಟಾಪ್ ಒತ್ತಿದರೆ ಯಂತ್ರದ ಮೇಲಿನ ಹಕ್ಕು ಬಿಟ್ಟುಕೊಟ್ಟ ಹಾಗೆ. ಬಿಲ್ಲು ನಿಲ್ಲುವುದೂ ಅದಕ್ಕೇ! ಮತ್ತೆ ಸ್ಟಾರ್ಟ್ ಒತ್ತಿದಾಗ ಬೇರೆ ಯಂತ್ರ, ಬೇರೆ ಹೊಟ್ಟೆ, ಖಾಲಿ ಡಿಸ್ಕು. ಮದುವೆ ಛತ್ರದ ಕೋಣೆ ಇದ್ದ ಹಾಗೆ ನೋಡಿ. ಬೀಗದ ಕೈ ಕೊಟ್ಟು ಹೊರಟ ಮೇಲೆ ಮುಂದಿನ ವಾರ ಬಂದು, ನನ್ನ ಪೆಟ್ಟಿಗೆ ಇಲ್ಲೇ ಮಂಚದ ಕೆಳಗೆ ಇತ್ತಲ್ಲ ಎಂದರೆ ಯಾರೇನು ಮಾಡಿಯಾರು?

ಇದು ಒಂದು ಕಂಪನಿಯ ಕಥೆಯಲ್ಲ. ಅಮೆಜಾನಿನಲ್ಲಿ ಇದಕ್ಕೆ ಇನ್‌ಸ್ಟನ್ಸ್ ಸ್ಟೋರ್ ಎನ್ನುತ್ತಾರೆ, ರೀಬೂಟಿಗೆ ಉಳಿಯುತ್ತದೆ, ಸ್ಟಾಪ್ ಮಾಡಿದರೆ ಹೋಗುತ್ತದೆ. ಗೂಗಲಿನಲ್ಲಿ ಲೋಕಲ್ ಎಸ್‌ಎಸ್‌ಡಿ, ಮಾಮೂಲಾಗಿ ಸ್ಟಾಪ್ ಮಾಡಿದರೆ ಅದೂ ಅಷ್ಟೇ. ಮೈಕ್ರೋಸಾಫ್ಟಿನ ಅಜ್ಯೂರಿನಲ್ಲಿ ಟೆಂಪರರಿ ಡಿಸ್ಕು ಎಂದೇ ಹೆಸರು. ಅಲ್ಲಿ ಸರ್ವರಿನ ಸೈಜು ಬದಲಿಸಿದರೂ, ಯಂತ್ರ ಕೆಟ್ಟು ಬೇರೆ ಯಂತ್ರಕ್ಕೆ ಸಾಗಿಸಿದರೂ ಅದರಲ್ಲಿದ್ದದ್ದು ಹೋಯಿತೆಂದೇ ಲೆಕ್ಕ. ಮೋಸ ಎಲ್ಲೂ ಇಲ್ಲ, ಎಲ್ಲರೂ ಬರೆದೇ ಕೊಟ್ಟಿದ್ದಾರೆ. ಆದರೆ ಮೂರು ತಿಂಗಳು ರೀಬೂಟಿಗೆಲ್ಲ ಉಳಿದ ಫೈಲು ಮನುಷ್ಯನಿಗೆ ಧೈರ್ಯ ಕೊಟ್ಟುಬಿಡುತ್ತದೆ. ಈ ಡಿಸ್ಕಿನ ನಿಜವಾದ ಅಪಾಯ ಅದೇ. ಕೈ ಕೊಡುವ ದಿನದವರೆಗೂ ಅದು ಸ್ವಂತ ಮನೆಯ ಹಾಗೆಯೇ ನಡೆದುಕೊಳ್ಳುತ್ತದೆ.

ಸರಿ, ಹೋದದ್ದನ್ನು ತರಲು ಬರುತ್ತದಾ? ಆ ಡಿಸ್ಕಿನಿಂದಂತೂ ಇಲ್ಲ. ಆದರೂ ಇಂಥ ಸಮಯದಲ್ಲಿ ನೋಡಲೇಬೇಕಾದ ಒಂದು ಜಾಗ ಇದೆ. ಲಿನಕ್ಸಿನಲ್ಲಿ ಒಂದು ಫೋಲ್ಡರಿನ ಮೇಲೆ ಡಿಸ್ಕನ್ನು ಮೌಂಟ್ ಮಾಡಿದಾಗ, ಆ ಫೋಲ್ಡರಿನಲ್ಲಿ ಮೊದಲೇ ಇದ್ದ ಫೈಲುಗಳು ಅಳಿಯುವುದಿಲ್ಲ, ಮುಚ್ಚಿಹೋಗುತ್ತವೆ. ಹಳೇ ಚಾಪೆಯ ಮೇಲೆ ಹೊಸ ಜಮಖಾನ ಹಾಸಿದ ಹಾಗೆ. ಹುಡುಗನನ್ನು ಕೇಳಿದೆ, “ಎಂದಾದರೂ ಕಳಿಸಿದ ಪುಟ ಕಾಣೆಯಾಗಿತ್ತಾ?” ಅವನು ತುಸು ಯೋಚಿಸಿ, “ಹೌದು ಕಾಕಾ, ಒಂದು ಭಾನುವಾರದ್ದು ಪೂರ್ತಿ ಸಿಗಲಿಲ್ಲ. ಸ್ಕ್ಯಾನರ್ ಕೈ ಕೊಟ್ಟಿರಬೇಕು ಅಂತ ವಹೀಲಿ ಬರೆದಿಟ್ಟಿದ್ದೆ” ಅಂದ.

ಅಲ್ಲಿಗೆ ನನ್ನ ಕಿವಿ ನೆಟ್ಟಗಾಯಿತು. ಪುಟಗಳನ್ನು ತೆಗೆದುಕೊಳ್ಳುವ ಅವನ ಪ್ರೋಗ್ರಾಂ ಸರ್ವರ್ ಬೂಟ್ ಆದ ಕೂಡಲೇ ಏಳುತ್ತಿತ್ತು. ಒಮ್ಮೆ ತಾತ್ಕಾಲಿಕ ಡಿಸ್ಕು ಮೌಂಟ್ ಆಗುವ ಮೊದಲೇ ಎದ್ದಿದ್ದರೆ? ಫೋಲ್ಡರ್ ಇಲ್ಲದ್ದು ನೋಡಿ ತಾನೇ ಒಂದು ಮಾಡಿಕೊಂಡು, ಅದರೊಳಗೆ ಕೂತು, ಬಂದ ಪುಟಗಳನ್ನೆಲ್ಲ ಮುಖ್ಯ ಡಿಸ್ಕಿಗೇ ಬರೆಯುತ್ತದೆ. ಆಮೇಲೆ ಡಿಸ್ಕು ಮೇಲೆ ಬಂದು ಮುಚ್ಚಿದರೂ, ಆಗಲೇ ಒಳಗೆ ಕೂತ ಪ್ರೋಗ್ರಾಂ ಹೊರಗೆ ಬರುವುದಿಲ್ಲ. ಜಮಖಾನದ ಕೆಳಗೇ ಬರೆಯುತ್ತಾ ಇರುತ್ತದೆ.

ಇದನ್ನು ನೋಡಲು ಮೌಂಟ್ ತೆಗೆಯಲೇಬೇಕೆಂದಿಲ್ಲ. ಮುಖ್ಯ ಡಿಸ್ಕಿನ ಬುಡವನ್ನು ಬೇರೊಂದು ಖಾಲಿ ಫೋಲ್ಡರಿಗೆ ಬೈಂಡ್ ಮೌಂಟ್ ಮಾಡಿದರೆ, ಆ ದಾರಿಯಿಂದ ಹೋದಾಗ ಮೇಲಿನ ಜಮಖಾನ ಇರುವುದಿಲ್ಲ. ಹಾಗೆ ಮಾಡಿ ನೋಡಿದೆವು. ಸಿಕ್ಕವು! 137 ಪುಟ. ಆ ಒಂದು ಭಾನುವಾರದ್ದು. ಬಹಳಷ್ಟು ಹೋಟೆಲುಗಳ ಜಾಹೀರಾತು, ಒಂದು ವಂತಿಗೆ ಪಟ್ಟಿ. ವ್ಯವಸ್ಥೆ ತಪ್ಪಿದ ಒಂದು ದಿನದ ಪುಟಗಳು ಉಳಿದವು, ವ್ಯವಸ್ಥಿತವಾಗಿ ಕೆಲಸ ನಡೆದ ಉಳಿದೆಲ್ಲ ದಿನದವು ಹೋದವು. ಕಂಪ್ಯೂಟರಿನಲ್ಲೂ ಹಣೆಬರಹ ಇರುತ್ತದೆ ನೋಡಿ :-)

ಸಂಘದ ಮೂರು ಸಂಚಿಕೆ ಕಪಾಟಿನಲ್ಲೇ ಇದ್ದವು, ಮತ್ತೆ ಸ್ಕ್ಯಾನ್ ಮಾಡಬಹುದು. ನಾಲ್ಕನೆಯದನ್ನು ಕೇಳಲು ಕಾರ್ಯದರ್ಶಿಗಳು ಆ ಮನೆಗೆ ಹೋದರು. ಮನೆ ಖಾಲಿ ಮಾಡಿ ಮಗನ ಹತ್ತಿರ ಬೇರೆ ಊರಿಗೆ ಹೊರಡುವಾಗ ಹಳೇ ಪೇಪರನ್ನೆಲ್ಲ ರದ್ದಿವಾಲಾನಿಗೆ ಕೊಟ್ಟಿದ್ದರಂತೆ. “ನಿಮ್ಮಲ್ಲಿ ಕಂಪ್ಯೂಟರಿನಲ್ಲಿ ಇದೆಯಲ್ಲ, ಇನ್ನು ಇದೇಕೆ ಅಂತ ಕೊಟ್ಟೆವು” ಎಂದು ಫೋನಿನಲ್ಲಿ ಹೇಳಿದರಂತೆ. ಸಿಕ್ಕ 137ರಲ್ಲಿ ಆ ಸಂಚಿಕೆಯ 22 ಪುಟ ಇದ್ದವು. ಅಷ್ಟೇ ಉಳಿದದ್ದು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಎರಡನೇ ಸುತ್ತಿಗೆ 128 ಜಿಬಿಯ ಒಂದು ಖಾಯಂ ಡಿಸ್ಕನ್ನು ಹಣ ಕೊಟ್ಟು ತೆಗೆದುಕೊಂಡರು. ಹುಡುಗ ಅದನ್ನು ಫಾರ್ಮ್ಯಾಟ್ ಮಾಡಿ, ಡೇಟಾ ಎಂಬ ಫೋಲ್ಡರಿಗೆ ಮೌಂಟ್ ಆಗಲೆಂದು ಎಫ್‌ಸ್ಟ್ಯಾಬ್ ಫೈಲಿನಲ್ಲಿ ಒಂದು ಸಾಲು ಬರೆದ. ಡಿಸ್ಕಿನ ಹೆಸರು ಎಸ್‌ಡಿಸಿ. ಆ ದಿನ ಅದರ ಹೆಸರು ಅದೇ ಇತ್ತು. ಮುಂದಿನ ಶನಿವಾರ ಸ್ಟಾರ್ಟ್ ಮಾಡಿ ನನಗೆ ಫೋನು ಮಾಡಿದ. ದನಿ ನಡುಗುತ್ತಿತ್ತು. “ಕಾಕಾ, ಡೇಟಾದಲ್ಲೂ ಅದೇ ವಾರ್ನಿಂಗ್ ಫೈಲು ಕೂತಿದೆ!”

ಬೇಗ ಕೇಳಿದ್ದೇ ಒಳ್ಳೆಯದಾಯಿತು. ಎಲ್‌ಎಸ್‌ಬಿಎಲ್‌ಕೆ ಎಂಬ ಕಮಾಂಡು ಓಡಿಸಿ ಗಾತ್ರಗಳನ್ನು ಓದಲು ಹೇಳಿದೆ. 75 ಜಿಬಿ ಡಿಸ್ಕು ಎರಡು ಕಡೆ ಮೌಂಟ್ ಆಗಿತ್ತು, ಎಂಎನ್‌ಟಿಯಲ್ಲೂ ಡೇಟಾದಲ್ಲೂ. 128 ಜಿಬಿ ಡಿಸ್ಕು ಎಲ್ಲೂ ಮೌಂಟ್ ಆಗದೆ ಮೂಲೆಯಲ್ಲಿ ಸುಮ್ಮನೆ ಕೂತಿತ್ತು. ಹೆಸರುಗಳು ಅದಲುಬದಲಾಗಿದ್ದವು. ಹೋದ ವಾರದ ಎಸ್‌ಡಿಸಿ ಈ ವಾರ ಎಸ್‌ಡಿಬಿ. ಪುಟಗಳೆಲ್ಲ ಖಾಯಂ ಡಿಸ್ಕಿನಲ್ಲಿ ಕ್ಷೇಮವಾಗಿದ್ದವು. ಆದರೆ ಅವನು ಆ ವಾರ್ನಿಂಗ್ ಫೈಲನ್ನು ಗಮನಿಸದೆ ಕೆಲಸ ಶುರು ಮಾಡಿದ್ದರೆ, ಭಾನುವಾರ ರಾತ್ರಿ ಸ್ಟಾಪ್ ಒತ್ತಿದಾಗ ಆ ವಾರದ ಪುಟಗಳೂ ಛತ್ರದ ಪಾಲಾಗುತ್ತಿದ್ದವು. ಕೆಂಪು ಅಕ್ಷರದ ಎರರ್ ಒಂದೂ ಬಂದಿರಲಿಲ್ಲ. ಸರ್ವರಿನ ಪ್ರಕಾರ ಎಲ್ಲವೂ ಸರಿಯಾಗಿಯೇ ಇತ್ತು.

ಹೆಸರು ಯಾಕೆ ಬದಲಾಗುತ್ತದೆ? ಹಳಬರಿಗೆ ನೆನಪಿರಬಹುದು, ಐಡಿಇ ಡಿಸ್ಕುಗಳ ಕಾಲದಲ್ಲಿ ಅಗಲವಾದ ಪಟ್ಟಿಯಂಥ ಕೇಬಲ್ಲು, ಡಿಸ್ಕಿನ ಬೆನ್ನಲ್ಲಿ ಜಂಪರು. ಮೊದಲ ಕೇಬಲ್ಲಿನ ಮಾಸ್ಟರ್ ಎಚ್‌ಡಿಎ, ಸ್ಲೇವ್ ಎಚ್‌ಡಿಬಿ. ಹೆಸರು ಜಾಗಕ್ಕೆ ಸೇರಿದ್ದು. ಕೇಬಲ್ಲು ಕಿತ್ತು ಬೇರೆ ಕಡೆ ಚುಚ್ಚದ ಹೊರತು ಬದಲಾಗುತ್ತಿರಲಿಲ್ಲ. ಎಸ್‌ಡಿ ಸರಣಿಯ ಹೆಸರು ಹಾಗಲ್ಲ. ಬೂಟ್ ಆಗುವಾಗ ಕರ್ನಲ್ಲಿನ ಕಣ್ಣಿಗೆ ಮೊದಲು ಬಿದ್ದವನು ಎಸ್‌ಡಿಎ, ಆಮೇಲೆ ಬಿದ್ದವನು ಎಸ್‌ಡಿಬಿ. ಊಟದ ಪಂಕ್ತಿಯಲ್ಲಿ ಕೂತ ಕ್ರಮ ಅಷ್ಟೇ. ಇವತ್ತು ಮೂರನೆಯವನಾಗಿ ಕೂತವನು ನಾಳೆಯೂ ಮೂರನೆಯವನೇ ಎಂದು ಯಾರೂ ಮಾತು ಕೊಟ್ಟಿಲ್ಲ. ಅದಕ್ಕೇ 2006ರ ಉಬುಂಟು 6.10ರ ಹೊತ್ತಿಗೇ ಎಫ್‌ಸ್ಟ್ಯಾಬ್‌ನಲ್ಲಿ ಈ ಹೆಸರುಗಳ ಬದಲು ಯುಯುಐಡಿ ಬರೆಯುವ ಪದ್ಧತಿ ಬಂತು. ಆದರೆ ಆಮೇಲೆ ನಾವೇ ಕೈಯಿಂದ ಸೇರಿಸುವ ಡಿಸ್ಕಿಗೆ ಯಾರು ಬರೆಯಬೇಕು? ನಾವೇ.

ಕ್ಲೌಡಿನಲ್ಲಿ ಈ ನಾಮಾಂತರ ಇನ್ನೂ ಮಜವಾಗಿದೆ. ಅಮೆಜಾನಿನಲ್ಲಿ ಡಿಸ್ಕನ್ನು ಎಸ್‌ಡಿಎಫ್ ಎಂಬ ಹೆಸರಿನಲ್ಲಿ ಸೇರಿಸಿ ಎಂದು ಕೇಳಿದರೆ, ಹಳೆಯ ಕ್ಸೆನ್ ಯಂತ್ರದಲ್ಲಿ ಅದು ಎಕ್ಸ್‌ವಿಡಿಎಫ್ ಎಂದು ಕಾಣುತ್ತಿತ್ತು. 2017ರಿಂದ ಬಂದ ನೈಟ್ರೋ ಯಂತ್ರಗಳಲ್ಲಿ ಅದೇ ಡಿಸ್ಕು ಎನ್‌ವಿಎಂಇ1ಎನ್1 ಎಂದು ಕಾಣಬಹುದು. ಊರಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನಿಷಿಯಲ್ ಸೇರಿ ಇನ್ನೊಂದು, ಇಲ್ಲಿಗೆ ಬಂದ ಮೇಲೆ ನಡುವೆ ಅಪ್ಪನ ಹೆಸರು, ಕೊನೆಗೆ ಯಾವುದೋ ಸರ್‌ನೇಮ್ ಹಚ್ಚಿಸಿಕೊಂಡ ನಮಗೆ ಇದು ಹೊಸದೇನಲ್ಲ ಬಿಡಿ.

ಪರಿಹಾರ ಸರಳ. ಬಿಎಲ್‌ಕೆಐಡಿ ಎಂಬ ಕಮಾಂಡು ಓಡಿಸಿದರೆ ಪ್ರತಿ ಫೈಲ್ ಸಿಸ್ಟಮ್ಮಿನ ಯುಯುಐಡಿ ಸಿಗುತ್ತದೆ. ಅಡ್ಡಗೆರೆಗಳೂ ಸೇರಿ 36 ಅಕ್ಷರ. ಫಾರ್ಮ್ಯಾಟ್ ಮಾಡಿದಾಗ ಆ ಡಿಸ್ಕಿನ ಒಳಗೇ ಬರೆದಿಟ್ಟದ್ದು. ಎಫ್‌ಸ್ಟ್ಯಾಬ್ ಸಾಲಿನಲ್ಲಿ ಎಸ್‌ಡಿಸಿಯ ಬದಲು ಅದನ್ನು ಹಾಕಿದೆವು. ಜೊತೆಗೆ ನೋಫೇಲ್ ಎಂಬ ಪದ. ಅದಿಲ್ಲದಿದ್ದರೆ, ಬರೆದ ಡಿಸ್ಕು ಸಿಗದಾಗ ಸಿಸ್ಟಮ್‌ಡಿ ಸಾಮಾನ್ಯವಾಗಿ 90 ಸೆಕೆಂಡು ಕಾದು, ಸರ್ವರನ್ನು ಎಮರ್ಜೆನ್ಸಿ ಮೋಡಿಗೆ ತಳ್ಳಿ ಕೂರಿಸುತ್ತದೆ. ಮನೆಯ ಕಂಪ್ಯೂಟರಾದರೆ ಕೀಬೋರ್ಡು ಇದೆ. ಕ್ಲೌಡಿನಲ್ಲಿ ಸೀರಿಯಲ್ ಕನ್ಸೋಲ್ ಹುಡುಕಿಕೊಂಡು ಹೋಗಬೇಕು, ಇಲ್ಲವೇ ಮುಖ್ಯ ಡಿಸ್ಕನ್ನು ಬಿಚ್ಚಿ ಇನ್ನೊಂದು ಸರ್ವರಿಗೆ ಸೇರಿಸಿ ಆ ಒಂದು ಸಾಲನ್ನು ತಿದ್ದಬೇಕು. ಆದರೆ ನೋಫೇಲ್ ಹಾಕಿದ ಮೇಲೆ ಇನ್ನೊಂದು ಜವಾಬ್ದಾರಿ ಬರುತ್ತದೆ. ಡಿಸ್ಕು ಬಾರದಿದ್ದರೂ ಸರ್ವರ್ ಏಳುತ್ತದೆ, ಪ್ರೋಗ್ರಾಂ ಖಾಲಿ ಫೋಲ್ಡರಿಗೆ ಬರೆಯಲು ಶುರು ಮಾಡುತ್ತದೆ, ಮತ್ತೆ ಜಮಖಾನದ ಕಥೆ. ಆದ್ದರಿಂದ ಡೇಟಾ ಫೋಲ್ಡರ್ ಮೌಂಟ್ ಆದಮೇಲೆಯೇ ಪ್ರೋಗ್ರಾಂ ಏಳಬೇಕೆಂದು ಸಿಸ್ಟಮ್‌ಡಿಗೆ ರಿಕ್ವೈರ್ಸ್ ಮೌಂಟ್ಸ್ ಫಾರ್ ಎಂಬ ಸಾಲಿನಲ್ಲಿ ಹೇಳಿದೆವು.

ಹುಡುಗ ಚುರುಕು. “ಹಾಗಾದರೆ ಎಂಎನ್‌ಟಿಯ ಡಿಸ್ಕಿಗೂ ಯುಯುಐಡಿ ಹಾಕಿಬಿಡೋಣ ಕಾಕಾ” ಅಂದ. ಎಲ್ಲರೂ ಎಡವುವ ಜಾಗ ಇದು. ತಾತ್ಕಾಲಿಕ ಡಿಸ್ಕು ಸ್ಟಾಪ್, ಸ್ಟಾರ್ಟ್ ಆದಾಗಲೆಲ್ಲ ಹೊಸದು. ಹೊಸ ಫಾರ್ಮ್ಯಾಟು, ಹೊಸ ಯುಯುಐಡಿ. ಹಳೆಯದನ್ನು ಬರೆದಿಟ್ಟರೆ ಸರ್ವರ್ ಸತ್ತವನಿಗಾಗಿ ಬಾಗಿಲಲ್ಲಿ ಕಾಯುತ್ತಾ ನಿಲ್ಲುತ್ತದೆ. ಅದನ್ನು ಗುರುತಿನಿಂದಲ್ಲ, ಪಾತ್ರದಿಂದ ಕರೆಯಬೇಕು. ಅಜ್ಯೂರಿನ ಲಿನಕ್ಸಿನಲ್ಲಿ ಯುಡೆವ್ ಎಂಬುದು ಡೆವ್ ಕೆಳಗೆ ಡಿಸ್ಕ್, ಅದರ ಕೆಳಗೆ ಅಜ್ಯೂರ್ ಎಂಬ ಫೋಲ್ಡರ್ ಮಾಡಿ ರಿಸೋರ್ಸ್ ಎಂಬ ಹೆಸರಿನ ಕೊಂಡಿ ಇಟ್ಟಿರುತ್ತದೆ. ಇವತ್ತಿನ ತಾತ್ಕಾಲಿಕ ಡಿಸ್ಕು ಯಾವುದಾದರೂ ಇರಲಿ, ಕೊಂಡಿ ಅದನ್ನೇ ತೋರಿಸುತ್ತದೆ. ಸಾಮಾನ್ಯವಾಗಿ ಅದನ್ನು ಮೌಂಟ್ ಮಾಡುವುದು ಕ್ಲೌಡ್ ಇನಿಟ್ ಅಥವಾ ಅಜ್ಯೂರಿನದೇ ಏಜೆಂಟ್. ಇಬ್ಬರಲ್ಲಿ ಒಬ್ಬರಿಗೇ ಆ ಕೆಲಸ ಕೊಡಿ. ಇಬ್ಬರೂ ಕೈ ಹಾಕಿದರೆ ಸ್ವಾಪ್ ಫೈಲು ಒಂದು ದಿನ ಇರುತ್ತದೆ, ಇನ್ನೊಂದು ದಿನ ಇರುವುದಿಲ್ಲ. ಹಾಂ, ಹೊಸ ಆರನೇ ಪೀಳಿಗೆಯ ಸೈಜುಗಳಲ್ಲಿ ಈ ಡಿಸ್ಕು ಎನ್‌ವಿಎಂಇ ಆಗಿ, ಫಾರ್ಮ್ಯಾಟೇ ಇಲ್ಲದೆ ಬರುತ್ತದೆ. ಸ್ಟಾಪ್ ಮಾಡಿ ಎಬ್ಬಿಸಿದಾಗಲೆಲ್ಲ ಅದನ್ನು ಸಿದ್ಧ ಮಾಡುವ ವ್ಯವಸ್ಥೆ ನೀವೇ ಇಡಬೇಕು.

ಯುಯುಐಡಿಯೂ ಬ್ರಹ್ಮಲಿಪಿಯಲ್ಲ. ಡಿಸ್ಕಿನ ಸ್ನ್ಯಾಪ್‌ಶಾಟಿನಿಂದ ಇನ್ನೊಂದು ಡಿಸ್ಕು ಮಾಡಿದರೆ ಎರಡಕ್ಕೂ ಒಂದೇ ಯುಯುಐಡಿ. ರಿಪೇರಿಗೆಂದು ಎರಡನ್ನೂ ಒಂದೇ ಸರ್ವರಿಗೆ ಸೇರಿಸಿದಿರೋ, ಯಾವುದು ಅಸಲಿ ಎಂದು ಅದಕ್ಕೆ ತಿಳಿಯುವುದಿಲ್ಲ. ಎಕ್ಸ್‌ಎಫ್‌ಎಸ್ ಆದರೆ ಎರಡನೆಯದನ್ನು ಮೌಂಟ್ ಮಾಡಲು ಒಪ್ಪುವುದೇ ಇಲ್ಲ. ರಿಪೇರಿ ಮಾಡುವಾಗ ಗಾತ್ರ, ಸೇರಿಸಿದ ಲನ್ ಸಂಖ್ಯೆ ಎರಡನ್ನೂ ತಾಳೆ ನೋಡಿಯೇ ಮುಂದುವರಿಯಿರಿ.

ಬಾಡಿಗೆ ಕರಾರಿನ ಕಾಗದದಲ್ಲಿ ಶಾಶ್ವತ ವಿಳಾಸ ಎಂಬ ಖಾನೆ ಇರುತ್ತದೆ. ಆರು ಮನೆ ಬದಲಿಸಿದ್ದೇನೆ, ಆರು ಸಲವೂ ಅಲ್ಲಿ ಸಾಗರ ತಾಲೂಕಿನ ಒಂದು ಮನೆಯ ವಿಳಾಸ ಬರೆದಿದ್ದೇನೆ. ಆ ಮನೆಗೆ ಬೀಗ ಬಿದ್ದು ಬಹಳ ವರ್ಷ ಆಯಿತು. ವಂತಿಗೆ ಪಟ್ಟಿಯ ಜನ ಐದು ರೂಪಾಯಿಯ ಪಕ್ಕ ಊರಿನ ಹೆಸರು ಬರೆಸಿದ್ದೂ ಅದೇ ಲೆಕ್ಕದಲ್ಲಿ ಇರಬೇಕು. ಇಲ್ಲಿ ಯಾವ ಪಂಕ್ತಿಯಲ್ಲಿ ಎಷ್ಟನೆಯವರಾಗಿ ಕೂತರು ಎನ್ನುವುದು ಮುಖ್ಯವಲ್ಲ, ಯಾರು ಎನ್ನುವುದು ಉಳಿಯಲಿ ಅಂತ. ಅದನ್ನು ನಾವು ಒಯ್ದು ಛತ್ರದ ಕೋಣೆಯಲ್ಲಿ ಇಟ್ಟೆವು ಎನ್ನುವುದೇ ನನಗೆ ಚುಚ್ಚುವುದು. ಆ ಹುಡುಗನನ್ನು ಬೈಯಲು ನನಗೆ ಮನಸ್ಸಿಲ್ಲ. ಶನಿವಾರ, ಭಾನುವಾರ ಕೂತವನು ಅವನೊಬ್ಬನೇ.

ಈಗ ಸಂಘದ ಪುಟಗಳು ಮೂರು ಕಡೆ ಇವೆ. ಖಾಯಂ ಡಿಸ್ಕಿನಲ್ಲಿ, ಕ್ಲೌಡಿನದೇ ಬೇರೆ ಶೇಖರಣೆಯಲ್ಲಿ, ಕಾರ್ಯದರ್ಶಿಗಳ ಮನೆಯ ಹಾರ್ಡ್‌ಡಿಸ್ಕಿನಲ್ಲಿ. ತಾತ್ಕಾಲಿಕ ಡಿಸ್ಕನ್ನು ಬಿಟ್ಟಿಲ್ಲ, ಅಕ್ಷರ ಬಿಡಿಸುವಾಗ ಹುಟ್ಟುವ ನಡುವಿನ ಕಚ್ಚಾ ಫೈಲುಗಳಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಹೋದರೆ ಹತ್ತು ನಿಮಿಷದಲ್ಲಿ ಮತ್ತೆ ಹುಟ್ಟಿಸಬಹುದು. ಅಳತೆ ಅಷ್ಟೇ ನೋಡಿ. ಒಂದು ಫೈಲನ್ನು ಎಲ್ಲಿ ಇಡಲಿ ಎನ್ನುವ ಮೊದಲು, ಇದು ನಾಳೆ ಇಲ್ಲದಿದ್ದರೆ ಮತ್ತೆ ಹುಟ್ಟಿಸಲು ಬರುತ್ತದಾ ಎಂದು ಕೇಳಿಕೊಳ್ಳುವುದು.

ನಿಮ್ಮ ಸರ್ವರಿನಲ್ಲಿ ಇವತ್ತೇ ಎರಡು ಕೆಲಸ ಮಾಡಿ. ಫೈಂಡ್‌ಎಂಎನ್‌ಟಿ ಓಡಿಸಿ ಯಾವ ಫೋಲ್ಡರ್ ಯಾವ ಡಿಸ್ಕಿನ ಮೇಲಿದೆ ನೋಡಿ. ಎಫ್‌ಸ್ಟ್ಯಾಬ್ ತೆರೆದು ಎಸ್‌ಡಿಯಿಂದ ಶುರುವಾಗುವ ಹೆಸರಿನ ಸಾಲು ಇದೆಯಾ ನೋಡಿ. ತಿದ್ದಿದ ಮೇಲೆ ಕಾಯದೆ ಒಂದು ಸಲ ಪೂರ್ತಿ ಸ್ಟಾಪ್ ಮಾಡಿ ಸ್ಟಾರ್ಟ್ ಮಾಡಿ ಪರೀಕ್ಷಿಸಿ, ಬರೀ ರೀಬೂಟ್ ಸಾಲದು. ಸ್ಟಾಪ್ ಒತ್ತುವ ಮುಂಚೆ ಎಂಎನ್‌ಟಿಯಲ್ಲಿ ಬೇಕಾದದ್ದು ಏನಾದರೂ ಇದ್ದರೆ ನಕಲು ತೆಗೆದುಕೊಳ್ಳಿ.

ಇನ್ನೊಂದು ಮಾತು. ಪುಣೆಯ ಕಡೆಯ ಹಳೆಯ ಕನ್ನಡ ಸಂಘಗಳ ಸ್ಮರಣ ಸಂಚಿಕೆ ನಿಮ್ಮ ಮನೆಯ ಅಟ್ಟದಲ್ಲಿ ಎಲ್ಲಾದರೂ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಸ್ಕ್ಯಾನ್ ಆಗಿದೆ ಎಂದು ಯಾರಾದರೂ ಹೇಳಿದರೂ, ನನ್ನಂಥವನೇ ಹೇಳಿದರೂ ಹಾಕಬೇಡಿ.